ಸೋತವರೂ ಸ್ಪೀಕರ್ ಆಗಿ ಮುಂದುವರಿಯುವುದು ಹೇಗೆ?

ಚಾವಡಿ_ಹುಡುಗ:
2014ರ ಚುನಾವಣೆಯಲ್ಲಿ ಮೀರಾ ಕುಮಾರ್ ಸಾಸಾರಾಮ್‌ನಲ್ಲಿ ಸೋತರು. ಫಲಿತಾಂಶ ಬಂದದ್ದು ಮೇ 16ಕ್ಕೆ, ಆದರೆ ಜೂನ್ 4ರವರೆಗೂ ಲೋಕಸಭೆಯ ಸ್ಪೀಕರ್ ಅವರೇ ಅಂತ ಓದಿದೆ. ಸಂಸದೆಯೇ ಅಲ್ಲದವರು ಸ್ಪೀಕರ್ ಹೇಗೆ ಆಗಿರುತ್ತಾರೆ? ಇನ್ನೊಂದು, 2024ರಲ್ಲಿ ಓಂ ಬಿರ್ಲಾ ಗೆದ್ದು ಬಂದಿದ್ದರಲ್ಲ, ಮತ್ತೆ ಹಂಗಾಮಿ ಸ್ಪೀಕರ್ ಯಾಕೆ ಬೇಕಾಯಿತು? ಅವರೇ ಎಲ್ಲರಿಗೂ ಪ್ರಮಾಣ ವಚನ ಬೋಧಿಸಬಹುದಿತ್ತು ಅಲ್ವಾ?

ಕಟ್ಟೆಪುರಾಣ:
ಎರಡಕ್ಕೂ ಉತ್ತರ ಸಂವಿಧಾನದ 94ನೇ ವಿಧಿಯಲ್ಲೇ ಇದೆ. ಮಾಮೂಲಿ ನಿಯಮ ಏನೆಂದರೆ, ಸದಸ್ಯತ್ವ ಹೋದರೆ ಸ್ಪೀಕರ್ ಹುದ್ದೆಯೂ ಹೋಗುತ್ತದೆ. ಆದರೆ ಅದೇ ವಿಧಿಯ ಕೊನೆಗೆ ಒಂದು ವಿನಾಯಿತಿ ಇಟ್ಟಿದ್ದಾರೆ: ಲೋಕಸಭೆ ವಿಸರ್ಜನೆಯಾದರೂ, ಹೊಸ ಲೋಕಸಭೆ ಮೊದಲ ಸಲ ಸೇರುವುದಕ್ಕೆ ತುಸು ಮುಂಚಿನವರೆಗೆ ಸ್ಪೀಕರ್ ಹುದ್ದೆ ಬಿಡಬೇಕಿಲ್ಲ. ಗೆದ್ದರೋ ಸೋತರೋ, ಚುನಾವಣೆಗೆ ನಿಂತೇ ಇಲ್ಲವೋ, ಅದು ಲೆಕ್ಕಕ್ಕೇ ಬರುವುದಿಲ್ಲ. 2004ರಲ್ಲಿ ಮನೋಹರ್ ಜೋಶಿ ಮುಂಬೈನಲ್ಲಿ ಸೋತೂ ಜೂನ್ 2ರವರೆಗೆ ಇದ್ದರು. 2019ರಲ್ಲಿ ಸುಮಿತ್ರಾ ಮಹಾಜನ್ ಸ್ಪರ್ಧಿಸಿಯೇ ಇರಲಿಲ್ಲ, ಆದರೂ ಜೂನ್‌ನಲ್ಲಿ ಹೊಸ ಸಭೆ ಸೇರುವವರೆಗೆ ಸ್ಪೀಕರ್ ಅವರೇ.

ಬಿರ್ಲಾ ವಿಷಯವೂ ಇದೇ. ಹೊಸ ಸಭೆ ಸೇರುವ ಹೊತ್ತಿಗೆ ಹಳೆಯ ಅವಧಿ ಮುಗಿದಿರುತ್ತದೆ, ಆಗ ಅವರು ಉಳಿದವರ ಹಾಗೆ ಒಬ್ಬ ಸಂಸದ ಅಷ್ಟೇ. ಕುರ್ಚಿ ಖಾಲಿ, ಹಾಗಾಗಿ 95ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಒಬ್ಬ ಸದಸ್ಯರನ್ನು ನೇಮಿಸುತ್ತಾರೆ. ಅವರೇ ಹಂಗಾಮಿ.

ನೇರಮಾತು:
ಸೋತವರು ಅಷ್ಟು ದಿನ ಕೂತು ಏನು ಮಾಡುತ್ತಾರೆ? ಸುಮ್ನೆ ಬಂಗಲೆ, ಕಾರಿಗೇ ಇರಬೇಕು.

ಕಟ್ಟೆಪುರಾಣ:
ಸದನವೇ ಇಲ್ಲದಾಗ ಸದನ ನಡೆಸುವ ಪ್ರಶ್ನೆ ಇಲ್ಲ, ಅದು ನಿಜ. ಆದರೆ ಲೋಕಸಭಾ ಸಚಿವಾಲಯ ಬಾಗಿಲು ಹಾಕುವುದಿಲ್ಲವಲ್ಲ. ಅದರ ಸಿಬ್ಬಂದಿ, ಖರ್ಚು, ಹೊಸ ಸಂಸದರನ್ನು ಬರಮಾಡಿಕೊಳ್ಳುವ ತಯಾರಿ, ಇದಕ್ಕೆಲ್ಲ ಮೇಲೆ ಒಬ್ಬರು ಬೇಕು. ಆ ಒಬ್ಬರು ಸರ್ಕಾರದ ಮಂತ್ರಿ ಆಗಿರಬಾರದು ಅನ್ನುವುದೇ ಇಲ್ಲಿನ ಮುಖ್ಯ ವಿಷಯ ಅಂತ ನನಗನಿಸುತ್ತದೆ.

ಹಿಂದಿನಬೆಂಚು:
ಒಂದು ಸೇರಿಸುತ್ತೇನೆ. ಈ ವಿನಾಯಿತಿ ಸ್ಪೀಕರ್‌ಗೆ ಮಾತ್ರ, ಡೆಪ್ಯುಟಿ ಸ್ಪೀಕರ್‌ಗೆ ಇಲ್ಲ. ಸಭೆ ವಿಸರ್ಜನೆ ಆದ ದಿನವೇ ಅವರು ಮನೆಗೆ. 17ನೇ ಲೋಕಸಭೆಯಲ್ಲಂತೂ ಐದು ವರ್ಷವೂ ಡೆಪ್ಯುಟಿ ಸ್ಪೀಕರನ್ನೇ ಆರಿಸಲಿಲ್ಲ, ಬೇಗ ಆರಿಸಬೇಕು ಅಂತ 93ನೇ ವಿಧಿ ಹೇಳಿದರೂ!

ಹಂಗಾಮಿ ಸ್ಪೀಕರ್ ನೇಮಕದಲ್ಲೂ ಜಗಳ ಇದ್ದದ್ದೇ. ಅತಿ ಹಿರಿಯ ಸದಸ್ಯರನ್ನು ಕೂರಿಸುವುದು ರೂಢಿ, ಕಾನೂನಲ್ಲ. 2024ರಲ್ಲಿ ಎಂಟು ಸಲ ಗೆದ್ದ ಕೊಡಿಕುನ್ನಿಲ್ ಸುರೇಶ್ ಅವರನ್ನು ಬಿಟ್ಟು ಏಳು ಸಲ ಗೆದ್ದ ಭರ್ತೃಹರಿ ಮಹತಾಬ್ ಅವರನ್ನು ನೇಮಿಸಿದರು. ಸುರೇಶ್ ನಡುವೆ ಸೋತಿದ್ದರು, ಮಹತಾಬ್ ಸತತವಾಗಿ ಗೆದ್ದವರು ಅಂತ ಸರ್ಕಾರದ ವಾದ. ಎರಡು ಮೂರು ದಿನದ ಕೆಲಸಕ್ಕೆ ಇಷ್ಟೊಂದು ಗಲಾಟೆ ಬೇಕಿತ್ತಾ? ಹಿರಿತನ ಎಣಿಸುವುದು ಹೇಗೆ ಅಂತ ಒಂದು ಸಾಲು ಬರೆದಿಟ್ಟಿದ್ದರೆ ಮುಗಿಯುತ್ತಿತ್ತು.

ನೇರಮಾತು:
ಬ್ರಿಟನ್‌ನಲ್ಲಿ ಸ್ಪೀಕರ್ ಪಕ್ಷ ಬಿಟ್ಟೇ ಚುನಾವಣೆಗೆ ನಿಲ್ಲುತ್ತಾರೆ, ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಅವರ ಎದುರು ಅಭ್ಯರ್ಥಿ ಹಾಕುವುದಿಲ್ಲ. ನಮ್ಮಲ್ಲಿ ಪಕ್ಷದ ಟಿಕೆಟ್‌ಗೇ ಕಾಯಬೇಕು. ಆಮೇಲೆ ನಿಷ್ಪಕ್ಷಪಾತ ಅಂದರೆ ಯಾರು ನಂಬುತ್ತಾರೆ?

ಚಾವಡಿ_ಹುಡುಗ:
ಥ್ಯಾಂಕ್ಸ್. ನಮ್ಮ ವಿಧಾನಸಭೆಗೂ ಇದೇ ನಿಯಮವಾ? ರಾಜ್ಯಸಭೆ ಕಥೆ ಏನು?

ಹಿಂದಿನಬೆಂಚು:
ವಿಧಾನಸಭೆಗೆ 179ನೇ ವಿಧಿ, ಹೆಚ್ಚುಕಮ್ಮಿ ಅದೇ ಮಾತು. 2023ರಲ್ಲಿ ಇಲ್ಲಿ ಆರ್.ವಿ. ದೇಶಪಾಂಡೆ ಹಂಗಾಮಿ ಆಗಿದ್ದರು, ಆಮೇಲೆ ಯು.ಟಿ. ಖಾದರ್ ಆಯ್ಕೆಯಾದರು.

ರಾಜ್ಯಸಭೆ ವಿಸರ್ಜನೆಯೇ ಆಗುವುದಿಲ್ಲ. ಉಪರಾಷ್ಟ್ರಪತಿಯೇ ಸಭಾಪತಿ, ಅವರು ಸದಸ್ಯರೂ ಅಲ್ಲ. ಉಪಸಭಾಪತಿ ಮಾತ್ರ ಸದಸ್ಯರಾಗಿರಬೇಕು, ಸದಸ್ಯತ್ವದ ಅವಧಿ ಮುಗಿದರೆ ಹುದ್ದೆಯೂ ಹೋಯಿತು. ಹರಿವಂಶ್ ಅವರದ್ದು 2020ರ ಏಪ್ರಿಲ್‌ನಲ್ಲಿ ಹಾಗೇ ಆಯಿತು. ರಾಜ್ಯಸಭೆಗೆ ಮತ್ತೆ ಆರಿಸಿ ಬಂದರೂ ಉಪಸಭಾಪತಿ ಹುದ್ದೆಗೆ ಹೊಸದಾಗಿ ಆಯ್ಕೆ ನಡೆಯಬೇಕಾಯಿತು, ಅದು ನಡೆದದ್ದು ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಆ ಕುರ್ಚಿ ಖಾಲಿ.