ಕಥೆ ಬರೆಸುವಾಗ ಒತ್ತಾಯ ಮಾಡ್ಬೋದಾ?

ಮಳೆಹನಿ: ವಾರಕ್ಕೊಂದ್ಸಲ ಟೀನೇಜ್ ಮಕ್ಕಳ ಹತ್ರ ಅವರವರ ಕಥೆ ಬರೆಸ್ತೀನಿ, ಎಲ್ರೂ ಮನೇಲಿ ಹೊಡೆತ ಬಡಿತ ನೋಡಿ ಬಂದವ್ರೇ. ಒಬ್ಳು ಮಾತ್ರ ಮೂರು ವಾರದಿಂದ "ಅವತ್ತು ರಾತ್ರಿ" ಅಂತ ಬರೀತಾಳೆ, ಪೆನ್ ಒತ್ತಿ ಒತ್ತಿ ಹೊಡೆದಾಕ್ತಾಳೆ, ಪೇಪರ್ರೇ ಹರಿದೋಗತ್ತೆ. ಸ್ವಲ್ಪ ಪುಶ್ ಮಾಡ್ಲಾ?

ಸುಮ್ನೆಒಬ್ಬ: ಬೇಡ್ವೇ ಬೇಡ. ನಾನೂ ಅಂಥ ಹುಡುಗನೇ, ನಂಗೆ ಸ್ಟೇಜ್ ಮೇಲೆ ಓದಿಸಿದ್ರು, ಎಲ್ರೂ ಚಪ್ಪಾಳೆ ಹೊಡೆದ್ರು, ಆಮೇಲೆ ವರ್ಷಗಟ್ಲೆ ಒಂದಕ್ಷರ ಬರೀಲಿಲ್ಲ. ಕೊನೆಗೆ "ಒಬ್ಬ ಹುಡುಗ ಇದ್ದ" ಅಂತ ಶುರು ಮಾಡ್ದಾಗ್ಲೇ ಕೈ ಓಡಿದ್ದು.

ಕಾಗದದೋಣಿ: ನೆಟ್ (ನೆರೇಟಿವ್ ಎಕ್ಸ್‌ಪೋಷರ್ ಥೆರಪಿ) ಅಂತ ಇದೆ, ಆಘಾತ ಆದವ್ರ ಹತ್ರ ಅವರ ಜೀವನದ ಕಥೆ ಹೇಳಿಸೋ ಚಿಕಿತ್ಸೆ, ಅದ್ರಲ್ಲಿ ಒಂದು ಹಗ್ಗ ಹಾಸಿ ಹುಟ್ಟಿದಾಗಿಂದ ಆದ ಒಳ್ಳೇದಕ್ಕೆ ಹೂವು, ಕೆಟ್ಟದ್ದಕ್ಕೆ ಕಲ್ಲು ಇಡಿಸ್ತಾರೆ. ಮೊದಲು ಕಲ್ಲು ಎಲ್ಲಿದೆ ಅಂತ ಗೊತ್ತಾದ್ರೆ ಸಾಕು, ವಿವರ ಆಮೇಲೆ. ಆದ್ರೆ ವಿವರಕ್ಕೆ ಇಳಿಯೋದು ಟ್ರೈನಿಂಗ್ ಆದವ್ರ ಕೆಲಸ, ನಾವು ಕೈ ಹಾಕ್ಬಾರ್ದು.

ಅರ್ಧಚಂದ್ರ: 1986ರಲ್ಲಿ ಪೆನ್ನೆಬೇಕರ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಒಂದು ಸ್ಟಡಿಗೆ ಕಾಲೇಜ್ ಸ್ಟೂಡೆಂಟ್ಸ್ ಹತ್ರ ಮನಸ್ಸಿಗೆ ಆಘಾತ ಆದ ಘಟನೆ ಬಗ್ಗೆ ದಿನಾ 15 ನಿಮಿಷ, 4 ದಿನ ಬರೆಸಿದ್ರು, ಅದ್ರಲ್ಲೂ ಬರೆದ ತಕ್ಷಣ ಬೇಜಾರು ಜಾಸ್ತಿನೇ ಆಗಿತ್ತು. ಹಂಗಾಗಿ ಬರೆಸಿ ಹಂಗೇ ಮನೆಗೆ ಕಳಿಸ್ಬೇಡಿ, ಸ್ವಲ್ಪ ಹೊತ್ತು ಬೇರೆ ಏನಾದ್ರೂ ಹರಟೆ ಹೊಡೀರಿ.

ಮಳೆಹನಿ: ಥ್ಯಾಂಕ್ಸ್, ಆ ಹರಿದ ಹಾಳೇನೂ ಅವಳಿಗೇ ವಾಪಸ್ ಕೊಡ್ತೀನಿ. ಕೌನ್ಸೆಲರ್ ಹತ್ರಾನೂ ಮಾತಾಡ್ತೀನಿ.