ಪದಚರ್ಚೆ: ‘ಡಿಸ್ಕ್ ಇಮೇಜ್’ಗೆ ಏನನ್ನೋಣ?

ಮಾನ್ಯರೇ,

ವಿಜಯಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಸೂಚನಾಫಲಕವೊಂದನ್ನು ಬರೆಯುತ್ತಿದ್ದು, ನಾಳೆ ಸಂಜೆಯೊಳಗೆ ಅದನ್ನು ಗಾಂಧಿ ಚೌಕದ ಮುದ್ರಣಾಲಯಕ್ಕೆ ಕೊಡಬೇಕಾಗಿದೆ. ಹಳೆಯ ಪಾಠದ ಸಿಡಿಗಳು ‘ಡಿಸ್ಕ್ ಇಮೇಜ್’ಗಳಾಗಿ, ಅಂದರೆ ಇಡೀ ಸಿಡಿಯನ್ನು ಇದ್ದಂತೆ ಇಳಿಸಿಟ್ಟ ಎನ್‌ಆರ್‌ಜಿ, ಎಂಡಿಎಫ್ ಎಂಬ ಬಗೆಯ ಕಡತಗಳಾಗಿ ಉಳಿದಿವೆ. ಲಿನಕ್ಸ್‌ನಲ್ಲಿ ಅವನ್ನು ಎಲ್ಲರೂ ಬಳಸಬಹುದಾದ ಐಎಸ್‌ಒ ಎಂಬ ಬಗೆಯ ಕಡತ ಮಾಡಿಕೊಳ್ಳುವ ಬಗೆಯನ್ನು ಫಲಕ ತಿಳಿಸಬೇಕು. ಕರಡಿನಲ್ಲಿ ‘ಡಿಸ್ಕ್ ಚಿತ್ರ’ ಎಂದಿದ್ದುದನ್ನು ಓದಿದ ಹುಡುಗನೊಬ್ಬ ಕಡತವನ್ನು ಫೋಟೊ ನೋಡುವ ತಂತ್ರಾಂಶದಲ್ಲಿ ತೆರೆಯಲು ಹೊರಟ. ‘ಬಿಂಬ’ ಎನ್ನಬಹುದೇ? ‘ಪ್ರೊಪ್ರೈಟರಿ ಫಾರ್ಮ್ಯಾಟ್’ (ಒಂದು ಕಂಪನಿ ತನ್ನದಾಗಿಯೇ ಇಟ್ಟುಕೊಂಡ ಕಡತದ ಬಗೆ), ‘ಕನ್ವರ್ಟ್’ ಇವಕ್ಕೂ ಪದ ಬೇಕಾಗಿದೆ.

ಉತ್ತರ 1

‘ಬಿಂಬ’ ಸಲ್ಲದು. ಬಿಂಬವೆಂದರೆ ಮೂಲ, ಅದರ ನೆರಳು ಪ್ರತಿಬಿಂಬ. ಇಲ್ಲಿ ಸಿಡಿಯೇ ಬಿಂಬ. ಅಚ್ಚಗನ್ನಡದ ‘ಪಡಿಯಚ್ಚು’ ಇರುವಾಗ ಸಂಸ್ಕೃತಕ್ಕೆ ಕೈಯೊಡ್ಡುವುದೇಕೆ? ‘ಕನ್ವರ್ಟ್’ಗೆ ‘ಪರಿವರ್ತನೆ’ಯೂ ದೊಡ್ಡ ಮಾತು. ಎನ್‌ಆರ್‌ಜಿಯಲ್ಲಿ ಸಾಮಾನ್ಯವಾಗಿ ಮೊದಲ 3,07,200 ಬೈಟ್‌ಗಳನ್ನು ಬಿಟ್ಟು ಉಳಿದದ್ದನ್ನು ಲಿನಕ್ಸ್‌ನ ‘ಡಿಡಿ’ ಎಂಬ ಆದೇಶದಿಂದ ಬರೆದುಕೊಂಡರೆ ಐಎಸ್‌ಒ ಸಿಗುತ್ತದೆ; ಎಂಡಿಎಫ್ 2,352 ಬೈಟ್‌ಗಳ ಕಚ್ಚಾ ಸೆಕ್ಟರ್‌ಗಳದ್ದಾಗಿದ್ದರೆ (ಸೆಕ್ಟರ್ ಎಂದರೆ ಸಿಡಿಯ ಒಂದು ತುಣುಕು), ಒಂದೊಂದರಿಂದಲೂ ತಲೆಬರಹವನ್ನೂ ದೋಷ ತಿದ್ದುವ ಬೈಟ್‌ಗಳನ್ನೂ ಕಳಚಿ, 2,048 ಬೈಟ್‌ಗಳ ದತ್ತಾಂಶವನ್ನಷ್ಟೇ ಉಳಿಸಿಕೊಳ್ಳಬೇಕು. ಶೇಂಗಾ ಸುಲಿಯುವಂಥ ಈ ಕೆಲಸಕ್ಕೆ ‘ಸುಲಿತ’ ಎಂದೇ ಬರೆಯಿರಿ. ಪ್ರೊಪ್ರೈಟರಿಗೆ ‘ಒಡೆತನದ’.

ಉತ್ತರ 2

‘ಸುಲಿತ’ವನ್ನು ವಿದ್ಯಾರ್ಥಿಗಳು ಸುಲಿಗೆಯೆಂದು ಓದಿಕೊಳ್ಳುತ್ತಾರೆ. ಅಚ್ಚಗನ್ನಡವೆಂದು ತಾವು ಮೆರೆಸುತ್ತಿರುವ ‘ಪಡಿ’ಯಾದರೂ, ಪ್ರತೀಹಾರ (ಬಾಗಿಲು ಕಾಯುವವ) ಪಡಿಯರನಾದ ಹಾದಿಯಲ್ಲೇ ‘ಪ್ರತಿ’ಯಿಂದ ಬಂದದ್ದು. ಆದಿಲ್‌ಶಾಹಿಗಳ ಊರಿನಲ್ಲಿ ಕುಳಿತು ಎರವಲಿಗೆ ಇಷ್ಟು ಮಡಿ ಮಾಡಬೇಕಿಲ್ಲ: ತಹಶೀಲ್ದಾರ್ ಕಚೇರಿಯ ಅರ್ಜಿ ತುಂಬಿದವರೆಲ್ಲರಿಗೂ ‘ನಮೂನೆ’ ಗೊತ್ತು, ‘ಖಾಸಗಿ’ ಗೊತ್ತು, ‘ನಕಲು’ ಗೊತ್ತು. ‘ಕಂಪನಿಯ ಖಾಸಗಿ ನಮೂನೆ’, ‘ಮುಕ್ತ ನಮೂನೆ’, ‘ಡಿಸ್ಕ್ ನಕಲು’ ಎಂದರೆ ಸಾಕು. ‘ಪರಿವರ್ತನೆ’ ಮಾತ್ರ ಇರಲೇಬೇಕು, ಏಕೆಂದರೆ ಐಎಸ್‌ಒ ಕಡತದ ಹಿಂದಿರುವ ಐಎಸ್‌ಒ 9660 ದತ್ತಾಂಶದ ಕಡತವ್ಯವಸ್ಥೆಯಾಗಿದ್ದು ಅದರಲ್ಲಿ ಆಡಿಯೊ ಟ್ರ್ಯಾಕ್‌ಗಳಿಗೆ ಜಾಗವಿಲ್ಲ. ಪಾಠದೊಂದಿಗೆ ಆಡಿಯೊ ಟ್ರ್ಯಾಕ್‌ಗಳೂ ಇರುವ ಸಿಡಿಯಾದರೆ ಬಿನ್-ಕ್ಯೂ ಜೋಡಿಯೇ (ಸಿಡಿಯ ಬೈಟ್‌ಗಳ ಒಂದು ಕಡತ, ಟ್ರ್ಯಾಕ್‌ಗಳ ಪಟ್ಟಿಯ ಇನ್ನೊಂದು) ಗತಿ. ಇದನ್ನೂ ಫಲಕದಲ್ಲಿ ಹೇಳಿ.

ಉತ್ತರ 1

ಕಾಲೇಜಿನ ಗೋಡೆಯ ಮೇಲೆ ‘ನಕಲು ಮಾಡುವ ವಿಧಾನ’ ಎಂದು ಹಾಕಿದರೆ ಪರೀಕ್ಷೆಯ ಜಾಗೃತದಳದವರು ಮೊದಲು ಬಂದು ಓದುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ‘ಡಿಸ್ಕ್ ಪಡಿಯಚ್ಚು’, ‘ಖಾಸಗಿ ನಮೂನೆ’, ‘ಪರಿವರ್ತನೆ’ ಎಂದು ಬರೆದು ಕಳುಹಿಸುತ್ತಿದ್ದೇನೆ. ಆಡಿಯೊ ಇರುವ ಸಿಡಿಗಳ ಸಾಲನ್ನು ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದ್ದೇನೆ.