ಅಳಿಯಾ, ಬರೇ ಪಂಪ್ ಅಲ್ಲ, ಬೆಲ್ಟೂ ಹಾಕ್ಸಪಾ

ಅಳಿಯಾ, ನೀ ಮುಂಜಾನೆ ಗ್ರೂಪಿನ್ಯಾಗ ಹಾಕಿದ ಫೋಟೋ ಈಗ ನೋಡಿದ್ನಿ, ಕೈತುಂಬ ಗ್ರೀಸ್ ಇತ್ತು ಫೋನ್ ಮುಟ್ಟಿರಲಿಲ್ಲ, ಟೈಪ್ ಮಾಡ್ಕೋತ ಕುಂತ್ರ ಸಂಜಿ ಆಕ್ಕೈತಿ ಅದಕ್ಕ ಬಾಯ್ಲೆ ಹೇಳ್ಕೋತ ಹೊಂಟೇನಿ, ಉದ್ದ ಆದ್ರೂ ಪೂರಾ ಕೇಳು, ಭಾವಾರಿಗೂ ಕೇಳ್ಸು.

ನೀ ಕೇಳಿದ್ದು ಏನು, 2001ರ ಹೋಂಡಾ ಸಿಟಿ, ಎಡಗಡೆ ಮುಂದಿನ ಗಾಲಿ ಹತ್ರ ಕೂಲಂಟ್, ಅಂದ್ರ ಇಂಜಿನ್ ತಣ್ಣಗ ಇಡೂ ನೀರು, ಹನಿ ಬೀಳಾಕತ್ತೈತಿ, ಮೆಕ್ಯಾನಿಕ್ ಆ ನೀರು ತಿರಗ್ಸೂ ವಾಟರ್ ಪಂಪ್ ಹೋಗೈತಿ, ಅದರ ಜೋಡಿ ವಾಲ್ವು ಪಿಸ್ಟನ್ನಿನ ಸರದಿ ಕಾಯೂ ಟೈಮಿಂಗ್ ಬೆಲ್ಟೂ ಹಾಕ್ಸ್ರಿ ಅಂದಾನ, ಅಂವಾ ಸುಮ್ಮ ಬಿಲ್ ಏರ್ಸಾಕ ಹೇಳ್ತಾನೇನು ಅಂತ. ಇಲ್ಲಪಾ, ಅಂವಾ ಖರೇನ ಹೇಳ್ಯಾನ. ಬೆಲ್ಟ್ ಬ್ಯಾಡ ಬರೇ ಪಂಪ್ ಹಾಕಿ ಕೊಡ್ತೇನಿ ಅಂದಿದ್ರ ನಾನ ನಿನಗ ಗಾಡಿ ಅಲ್ಲಿಂದ ತಗೊಂಡ ಬಾ ಅಂತಿದ್ನಿ.

ಅಣ್ಣಾರು ಹಾಕಿದ ಮೆಸೇಜೂ ಓದಿದ್ನಿ, ಪಂಪ್ ಅಂದ್ರ ಏನು ನಾಕು ಬೋಲ್ಟ್ ಅಷ್ಟ ಅಲ್ಲ ಅಂತ. ಅಣ್ಣಾ, ನೀವು ಹೇಳೂದು ಅಪ್ಪಾರ ಅಂಬಾಸಿಡರಿಗೆ ಬರೋಬ್ಬರಿ ಐತಿ. ಅದರಾಗ ಪಂಪ್ ಮುಂದ ಫ್ಯಾನ್ ಜೋಡಿನ ಇರ್ತಿತ್ತು, ಫ್ಯಾನ್ ಬೆಲ್ಟ್ ಮ್ಯಾಲೆ ತಿರಗ್ತಿತ್ತು, ಟೈಮಿಂಗಿಗೆ ಒಳಗ ಬ್ಯಾರೆ ಚೈನ್ ಇತ್ತು, ಪಂಪ್ ಬಿಚ್ಚಿದ್ರ ಟೈಮಿಂಗಿಗೆ ಏನೂ ಸಂಬಂಧ ಇರ್ತಿರಲಿಲ್ಲ. ಈ ಸಿಟಿಯೊಳಗ ಹಂಗಲ್ರಿ. ಇದರಾಗ ವಾಟರ್ ಪಂಪ್ ತಿರಗ್ಸೂದ ಟೈಮಿಂಗ್ ಬೆಲ್ಟ್. ಪಂಪ್ ಕವರ್ ಒಳಗ ಕುಂತೈತಿ, ಅದನ್ನ ಮುಟ್ಟಬೇಕಂದ್ರ ಎಡಗಡೆ ಗಾಲಿ ತಗೀಬೇಕು, ಆಲ್ಟರ್ನೇಟರ್ ಬೆಲ್ಟ್, ಎಸಿ ಬೆಲ್ಟ್, ಪವರ್ ಸ್ಟೀರಿಂಗ್ ಬೆಲ್ಟ್ ಎಲ್ಲಾ ತಗೀಬೇಕು, ಇಂಜಿನ್ನಿಗೆ ಕೆಳಗ ಜ್ಯಾಕ್ ಕೊಟ್ಟು ಎಡಗಡೆ ಮೌಂಟಿಂಗ್ ಬಿಚ್ಚಬೇಕು, ಮ್ಯಾಲಿನ ಹೆಡ್ ಕವರ್ ಎತ್ತಬೇಕು, ಕ್ರ್ಯಾಂಕ್, ಅಂದ್ರ ಪಿಸ್ಟನ್ ತಿರಗ್ಸೂ ಕೆಳಗಿನ ಶಾಫ್ಟು, ಅದರ ಪುಲ್ಲಿ ತಗೀಬೇಕು, ಆಮ್ಯಾಲೆ ಟೈಮಿಂಗ್ ಬೆಲ್ಟ್ ಇಳಿಸಿದ ಮ್ಯಾಲೆ ಪಂಪ್ ಕಾಣ್ತೈತಿ. ಇಷ್ಟೆಲ್ಲಾ ಬಿಚ್ಚಿ ಹಳೆ ಬೆಲ್ಟನ್ನ ತಿರಗಿ ಏರ್ಸಿದ್ರ, ನಾಳೆ ಬೆಲ್ಟ್ ಹಾಕ್ಸೂ ಹೊತ್ತಿಗೆ ಇದ ಲೇಬರ್ ಮತ್ತ ಕೊಡಬೇಕು. ಬಿಲ್ಲಿನ್ಯಾಗ ದೊಡ್ಡದು ಲೇಬರ್, ಬೆಲ್ಟಲ್ಲ.

ರೊಕ್ಕದ ಮಾತು ಬಿಡು, ಅದಕ್ಕಿಂತ ದೊಡ್ಡ ವಿಚಾರ ಐತಿ. ಪಂಪಿನ ಶಾಫ್ಟಿಗೆ ಒಳಗೊಂದು ಸೀಲ್ ಇರ್ತೈತಿ, ಅದು ಸವದ್ರ ನೀರು ಬೇರಿಂಗ್ ಕಡೆ ಹೋಗಬಾರದು ಅಂತ ಪಂಪಿನ ಮೈಯಾಗ ಸಣ್ಣ ತೂತು ಬಿಟ್ಟಿರ್ತಾರ, ನೀರು ಅಲ್ಲಿಂದ ಹೊರಗ ಬರ್ತೈತಿ. ನೀ ನೋಡಿದ ಹನಿ ಅದ ಇರಬೇಕು, ಫೋಟೋದಾಗ ಕವರ್ ಕೆಳಗ ಒಣಗಿದ ಹಸರ ಕಲೆ ಕಾಣ್ತೈತಿ, ಅಂದ್ರ ಇವತ್ತು ನಿನ್ನೆದಲ್ಲ ಭಾಳ ದಿನದಿಂದ ಸೋರಾಕತ್ತೈತಿ. ಆ ಕೂಲಂಟ್ ಬೆಲ್ಟ್ ಮ್ಯಾಲೆನೂ ಸಿಡೀತೈತಿ, ಬೆಲ್ಟ್ ಅಂದ್ರ ರಬ್ಬರಪಾ, ನೀರು ಎಣ್ಣಿ ಎರಡೂ ಅದಕ್ಕ ಆಗಿ ಬರಂಗಿಲ್ಲ. ಅದರ ಮ್ಯಾಲೆ ಪಂಪಿನ ಬೇರಿಂಗೂ ಹೋಗಿ ಜಾಮ್ ಆತಂದ್ರ ಬೆಲ್ಟ್ ಹಲ್ಲು ಕೀಳ್ತೈತಿ ಇಲ್ಲಾ ಹರೀತೈತಿ. ಈ ಇಂಜಿನ್ನಿನ್ಯಾಗ ವಾಲ್ವು ಪಿಸ್ಟನ್ನು ಎರಡೂ ಒಂದ ಜಾಗಾಕ್ಕ ಬರ್ತಾವ, ಆದ್ರ ಸರದಿ ಪ್ರಕಾರ ಬರ್ತಾವ, ಆ ಸರದಿ ಕಾಯೂದ ಬೆಲ್ಟು. ಬೆಲ್ಟ್ ಹರದ್ರ ಕ್ಯಾಮ್, ಅಂದ್ರ ವಾಲ್ವ್ ತೆರ್ಯೂ ಮ್ಯಾಲಿನ ಶಾಫ್ಟು, ನಿಂತ ಬಿಡ್ತೈತಿ, ತೆರದ ವಾಲ್ವಿಗೆ ಪಿಸ್ಟನ್ ಬಂದು ಹೊಡೀತೈತಿ, ವಾಲ್ವ್ ಬೆಂಡ್ ಆಕ್ಕಾವ, ಹೆಡ್ ಅಂದ್ರ ಇಂಜಿನ್ನಿನ ಮ್ಯಾಲಿನ ಭಾಗಾನ ಇಳಿಸಬೇಕು. ಹಳೆ ಗಾಡಿಗೆ ಹೆಡ್ ಕೆಲಸ ಬಂತಂದ್ರ ಮನ್ಯಾಗ ಎಲ್ಲಾರೂ ಗುಜರಿಗೆ ಹಾಕು ಅಂತಾರ, ಅಷ್ಟು ಚಲೋ ಗಾಡಿ, ಬಾಡಿಗೆ ಎಲ್ಲೂ ಜಂಗ್ ಹಿಡದಿಲ್ಲ, ನನಗ ಅದು ಹೋಗೂದು ಬ್ಯಾಡಪಾ.

ನೀ ಹೇಳ್ದಿ, ಮಾಮಾ ಬೆಲ್ಟ್ ನೋಡಾಕ ಚಲೋ ಐತಿ, ಗಾಡಿ ಹೆಚ್ಚು ಓಡೇ ಇಲ್ಲ ಅಂತ. ಕಿಲೋಮೀಟರ್ ಒಂದ ಲೆಕ್ಕ ಅಲ್ಲಪಾ, ವರ್ಷನೂ ಲೆಕ್ಕ, ನಿಂತಲ್ಲೆ ನಿಂತ್ರೂ ರಬ್ಬರ್ ಬಿರಸ ಆಕ್ಕೈತಿ. ಮೊದಲಿನ ಮಾಲಕ ಯಾವಾಗ ಹಾಕ್ಸ್ಯಾನ ಅನ್ನೂ ಬಿಲ್ ನಿನ್ನ ಹತ್ರ ಇಲ್ಲ, ಬಿಲ್ ಇಲ್ಲಂದ್ರ ಹಾಕ್ಸಿಲ್ಲ ಅಂತನ ತಿಳಕೋಬೇಕು. ಮತ್ತ ನಮ್ಮ ತಮ್ಮ ಅವನ ಸ್ವಿಫ್ಟ್ ಡೀಸೆಲಿಗೆ ಇದೆಲ್ಲಾ ಕೇಳೇ ಇಲ್ಲ ಅಂದಾನಲ್ಲ, ಅದರಾಗ ಚೈನ್ ಐತಿ ಅದಕ್ಕ, ಎರಡೂ ಬ್ಯಾರೆ.

ಈಗ ಸಾಮಾನು. ಬೆಲ್ಟ್, ಅದನ್ನ ಬಿಗಿ ಹಿಡ್ಯೂ ಟೆನ್ಶನರ್ ಬೇರಿಂಗ್, ಪಂಪ್, ಪಂಪಿನ ಹೊಸ ಓ ರಿಂಗ್ ಅಂದ್ರ ರಬ್ಬರ್ ಬಳಿ, ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್, ಹೆಡ್ ಕವರ್ ಪ್ಯಾಕಿಂಗ್, ಕೂಲಂಟ್. ಟೆನ್ಶನರ್ ಬಿಡಬ್ಯಾಡ, ಹೊಸ ಬೆಲ್ಟಿಗೆ ಹಳೆ ಬೇರಿಂಗ್ ಹಾಕಿ ಅದು ಜಾಮ್ ಆದ್ರ ಬೆಲ್ಟ್ ಹೊಸದಿದ್ರೂ ಅಷ್ಟ. ಸೀಲ್ ಯಾಕಂದ್ರ ಮುಂದ ಆಯಿಲ್ ಸೋರಿ ಹೊಸ ಬೆಲ್ಟ್ ಮ್ಯಾಲೆ ಬಿದ್ರ ಮತ್ತ ಇದ ಕಥಿ. ಆಲ್ಟರ್ನೇಟರ್ ಮತ್ತ ಎಸಿ ಬೆಲ್ಟ್ ಬಿರಕು ಬಿಟ್ಟಿದ್ರ ಅವನ್ನೂ ಈಗನ ಹಾಕ್ಸು. ಬೆಲ್ಟ್ ತಗೊಂಡ ಮ್ಯಾಲೆ ಮಡಚಬ್ಯಾಡ, ಡಬ್ಬಿಯೊಳಗ ಹೆಂಗ ಐತಿ ಹಂಗ ತಗೊಂಡ ಬಾ, ಡುಪ್ಲಿಕೇಟ್ ಭಾಳ ಬರ್ತಾವ, ಗುರ್ತಿನ ಅಂಗಡ್ಯಾಗ ಬಿಲ್ ಮ್ಯಾಲೆನ ತಗೋ.

ಕೆಲಸ ಮಾಡೂವಾಗ ನೀ ಅಲ್ಲೇ ನಿಂತ್ಕೋ, ಏನ್ ನೋಡಬೇಕು ಹೇಳ್ತೇನಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಈ ಗಾಡ್ಯಾಗ ಭಾರೀ ಬಿಗಿ ಇರ್ತೈತಿ, ಪುಲ್ಲಿ ಹಿಡ್ಯಾಕ 50 ಎಂಎಂ ಷಟ್ಕೋನದ ಹೋಲ್ಡರ್ ಬರ್ತೈತಿ ಇಲ್ಲಾ ಏರ್ ಗನ್ ಬೇಕು, ಚಿಸಲ್ ಇಟ್ಟು ಹೊಡ್ಯಾಕ ಹೋದ್ರ ಬ್ಯಾಡ ಅನ್ನು. ಬೆಲ್ಟ್ ಇಳಿಸೂಕಿಂತ ಮೊದಲ ಒಂದನೇ ಪಿಸ್ಟನ್ ಮ್ಯಾಲೆ ತಂದು ನಿಲ್ಲಿಸಬೇಕು, ಕ್ಯಾಮ್ ಪುಲ್ಲಿ ಮ್ಯಾಲೆ ಅಪ್ (UP) ಅಂತ ಇಂಗ್ಲಿಷಿನ್ಯಾಗ ಬರದಿರ್ತೈತಿ ಅದು ಮ್ಯಾಲೆ ಇರಬೇಕು, ಎರಡೂ ಕಡೆ ಗೀರು ಹೆಡ್ಡಿನ ಅಂಚಿಗೆ ಸಮ ಇರಬೇಕು. ಕೆಳಗಿನ ಪುಲ್ಲಿ ಮ್ಯಾಲೆ ಬಿಳೆ ಗುರ್ತು ಹಿಡೀಬೇಕು, ಕೆಂಪ ಗುರ್ತು ಇಗ್ನಿಶನ್ ಟೈಮಿಂಗಿಂದು, ಹೊಸ ಹುಡುಗೂರು ಕೆಂಪ ಹಿಡದು ಕುಂತ ಬಿಡ್ತಾರ. ಪಂಪಿನ ಬೋಲ್ಟ್ ಸಣ್ಣವು, ಹತ್ತು ನಂಬರ್ ಸ್ಪ್ಯಾನರಿನವು, ಅಲ್ಯುಮಿನಿಯಂ ಬ್ಲಾಕ್, ಜೋರ್ ಕೊಟ್ರ ಬೋಲ್ಟ್ ಕುಂಡ್ರೂ ತೂತಿನ ಆಟಿ, ಅಂದ್ರ ತಿರುಪಿನ ಗೀರು, ಹೋಗ್ತಾವ, ಓ ರಿಂಗ್ ಕುಂಡ್ರೂ ಜಾಗಾ ಬಟ್ಟಿಲೆ ಒರಿಸಿ ಚೊಕ್ಕ ಮಾಡಬೇಕು.

ಇನ್ನೊಂದು, ಇದು ಎಲ್ಲಾ ಮೆಕ್ಯಾನಿಕರಿಗೆ ಗೊತ್ತಿರಂಗಿಲ್ಲ. ಬ್ಯಾರೆ ಇಂಜಿನ್ ಭಾಳಷ್ಟು ಬಲಕ್ಕ ತಿರಗ್ತಾವ, ಈ ಹಳೆ ಹೋಂಡಾ ಇಂಜಿನ್ ಎಡಕ್ಕ ತಿರಗ್ತೈತಿ, ಪುಲ್ಲಿ ಎದುರಿಗೆ ನಿಂತು ನೋಡಿದ್ರ ಗಡಿಯಾರದ ಉಲ್ಟಾ. ಕೈಲೆ ತಿರಗ್ಸೂವಾಗನೂ ಉಲ್ಟಾನ ತಿರಗ್ಸಬೇಕು. ಬೆಲ್ಟ್ ಏರ್ಸಿದ ಮ್ಯಾಲೆ ಐದಾರು ಸುತ್ತು ಹಂಗ ತಿರಗ್ಸಿದ್ರ ಬೆಲ್ಟ್ ಹಲ್ಲಿಗೆ ಹಲ್ಲು ಕುಂಡ್ರತೈತಿ, ಆಮ್ಯಾಲೆ ಟೆನ್ಶನರ್ ಬೋಲ್ಟ್ ಅರ್ಧ ಸುತ್ತು ಸಡಲ ಬಿಟ್ಟು, ಕ್ಯಾಮ್ ಪುಲ್ಲಿ ಮೂರು ಹಲ್ಲು ಮುಂದ ಹೋಗೂವಷ್ಟು ಕ್ರ್ಯಾಂಕ್ ತಿರಗ್ಸಿ, ಅಲ್ಲೇ ಬೋಲ್ಟ್ ಟೈಟ್ ಮಾಡಬೇಕು, ಸ್ಪ್ರಿಂಗ್ ತಾನ ಬಿಗಿ ಹಿಡೀತೈತಿ. ಸ್ಕ್ರೂಡ್ರೈವರ್ ಕೊಟ್ಟು ಟೆನ್ಶನರ್ ಒತ್ತಿ ಬಿಗಿ ಮಾಡೂದಲ್ಲ, ಹೆಚ್ಚ ಬಿಗಿ ಆದ್ರ ಹೊಸ ಪಂಪಿನ ಬೇರಿಂಗ್ ಹೋಗ್ತೈತಿ, ಸಡಲಾದ್ರ ಹಲ್ಲು ಜಿಗೀತೈತಿ. ಚಾವಿ ಹಚ್ಚೂಕಿಂತ ಮೊದಲ ಕೈಲೆ ಪೂರಾ ಎರಡು ಸುತ್ತು ತಿರಗ್ಸಿ ಗುರ್ತು ಮತ್ತ ನೋಡಾಕ ಹೇಳು, ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು. ನಡು ಎಲ್ಲರೆ ಗಟ್ಟಿ ಹಿಡದಂಗ ಆದ್ರ ಅಲ್ಲೇ ನಿಲ್ಲಿಸಬೇಕು, ಜೋರ್ ಮಾಡಬಾರದು. ಐದು ನಿಮಿಷದ ಕೆಲಸ, ಅವಸರದಾಗ ಇದನ್ನ ಬಿಡ್ತಾರ.

ಅರಿಶಿಣ ಪುಡಿ ಹಾಕ್ರಿ ಸೋರೂದು ನಿಲ್ತೈತಿ ಅಂತ ಅಣ್ಣಾರ ಅಂದಿದ್ರು. ರೇಡಿಯೇಟರ್ ಸೂಜಿ ತೂತಾಗಿದ್ರ ಊರು ಮುಟ್ಟಾಕ ಹಿಂದ ಹಾಕ್ತಿದ್ರು, ಖರೆ. ಆದ್ರ ಇದು ತಿರಗೂ ಶಾಫ್ಟಿನ ಸೀಲ್ ಅಣ್ಣಾ, ಅಲ್ಲಿ ಪುಡಿ ನಿಲ್ಲಂಗಿಲ್ಲ, ಹೋಗಿ ಹೀಟರ್ ಪೈಪು ರೇಡಿಯೇಟರ್ ನಳಿಗೋಳ ಒಳಗ ಕುಂಡ್ರತೈತಿ. ಹಂಗ ಬೋರಿನ ಸವಳ ನೀರೂ ಹಾಕಬ್ಯಾಡ್ರಿ, ಗದಗ ಕಡೆ ಗಾಡಿಗೋಳು ಬರ್ತಾವಲ್ಲ, ರೇಡಿಯೇಟರ್ ಬಿಚ್ಚಿದ್ರ ಒಳಗ ಬಿಳೆ ಸುಣ್ಣ ಕಟ್ಟಿರ್ತೈತಿ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಅರ್ಧಕ್ಕರ್ಧ. ತುಂಬೂವಾಗ ಹೀಟರ್ ಫುಲ್ ಬಿಸಿಗೆ ಇಟ್ಟು, ರೇಡಿಯೇಟರ್ ಕ್ಯಾಪ್ ತೆಗದ ಇಂಜಿನ್ ಚಾಲೂ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ಬಂದು ಹೋಗೂತನಕ ಬಿಡಬೇಕು, ಗಾಳಿ ಗುಳ್ಳಿ ಹೋದ ಮ್ಯಾಲೆ ನೀರು ಇಳೀತೈತಿ, ಮತ್ತ ತುಂಬಿ ಕ್ಯಾಪ್ ಹಾಕಬೇಕು. ಒಮ್ಮೆ ಹಾಕಿದ ಕ್ಯಾಪ್ ಮಾತ್ರ ಬಿಸಿ ಇದ್ದಾಗ ಬಿಚ್ಚಾಕ ಹೋಗಬ್ಯಾಡ.

ಭಾವಾರ, ನೀವು ಕೇಳಿದ್ರಿ, ಹಾವೇರಿ ಮದಿವಿ ಮುಗಿಸಿಕೊಂಡ ಬಂದು ಮಾಡ್ಸೂಣೇನು, 75 ಕಿಲೋಮೀಟರ್ ಅಷ್ಟ ಅಲ್ಲಾ, ನೀರು ಹಾಕ್ಕೋತ ಹೋಗೂಣು ಅಂತ. ಬ್ಯಾಡ್ರಿ. ಶಿಗ್ಗಾಂವಿ ಬಂಕಾಪುರ ನಡು ಹೈವೇದಾಗ ಸ್ಪೀಡಿನ್ಯಾಗ ಬೆಲ್ಟ್ ಹರದ್ರ ಇಂಜಿನ್ ಒಮ್ಮೆಲೆ ಬಂದ್, ಸ್ಟೀರಿಂಗ್ ಗಟ್ಟಿ ಆಕ್ಕೈತಿ, ಹಿಂದ ಲಾರಿ ಬರ್ತಿರ್ತಾವ, ಗಾಡ್ಯಾಗ ಅಕ್ಕ ಮಕ್ಕಳು ಕುಂತಿರ್ತಾರ. ಮದಿವಿಗೆ ನನ್ನ ಗಾಡಿ ಒಯ್ರಿ, ನಾ ಬಸ್ಸಿಗೆ ಬರ್ತೇನಿ.

ಅಳಿಯಾ, ಸಿಟಿ ಇವತ್ತಿಂದ ಚಾಲೂ ಮಾಡಬ್ಯಾಡ, ಹುಬ್ಬಳ್ಳಿ ಗೋಕುಲ ರೋಡಿಗೆ ನನ್ನ ಹತ್ರ ಓಡ್ಸ್ಕೊಂಡ ಬರೂದೂ ಬ್ಯಾಡ, ಟೋ ಮಾಡ್ಸೂಣು. ನಿಮ್ಮ ಮೆಕ್ಯಾನಿಕಗ ನನ್ನ ನಂಬರ್ ಕೊಡು, ಅಂವಾ ಈ ಇಂಜಿನ್ ಮೊದಲ ಮಾಡಿದ್ರ ಅಲ್ಲೇ ಮಾಡ್ಲಿ, ನಾ ಬಂದು ಬಾಜೂಕ ನಿಂದರ್ತೇನಿ. ಐತವಾರ ಸ್ಪೇರ್ ಅಂಗಡಿ ಬಂದ್ ಇರ್ತಾವ, ಸಾಮಾನಿನ ಲಿಸ್ಟ್ ರಾತ್ರಿ ಊಟ ಆದ ಮ್ಯಾಲೆ ಬರದು ಹಾಕ್ತೇನಿ, ನೀ ಅಷ್ಟರಾಗ ಆರ್‌ಸಿ ಕಾರ್ಡಿನ ಮ್ಯಾಲಿನ ಇಂಜಿನ್ ನಂಬರ್ ನನಗ ಬ್ಯಾರೆ ಕಳಸು, 1.3 ಐತೋ 1.5 ಐತೋ ಅನ್ನೂದು ನೋಡಿನ ಬೆಲ್ಟ್ ತರಬೇಕು.